ಜೀಪಿನ ಮೂತಿ ಎತ್ತಿದರೆ ಘಾಟಿ ಸುಲಭವಾಗುವುದೇ?

ವಯನಾಡು, ಕಾಸರಗೋಡಿನ ಗುಡ್ಡದ ಊರುಗಳಲ್ಲಿ ಜೀಪು ಮೊದಲಿನಿಂದಲೂ ದುಡಿಯುವ ಗಾಡಿ. ರಬ್ಬರ್ ಶೀಟು, ಅಡಿಕೆ ಮೂಟೆ, ಗೊಬ್ಬರ, ಮಳೆಗಾಲದ ನಡುರಾತ್ರಿ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲವನ್ನೂ ಹೊತ್ತದ್ದು ಅದೇ. ಈಚೆಗೆ ಯುವಕರ ಬಾಯಲ್ಲಿ 'ಲೆವೆಲಿಂಗ್' ಎಂಬ ಮಾತು ಓಡಾಡುತ್ತಿದೆ. ಹಿಂಭಾಗಕ್ಕಿಂತ ತುಸು ತಗ್ಗಿರುವ ಮುಂಭಾಗವನ್ನು ಎತ್ತಿ ಗಾಡಿಯನ್ನು ಸಮ ಮಾಡುವುದೇ ಲೆವೆಲಿಂಗ್.

ಗಾಡಿ ಹಾಗೆ ತುಸು ಓರೆಯಾಗಿ ನಿಲ್ಲುವುದು ಕಂಪೆನಿಯ ತಪ್ಪಲ್ಲ. ಹಿಂದೆ ಭಾರ ಬಿದ್ದಾಗ ಸಮಕ್ಕೆ ಬರಲಿ ಎಂಬ ಲೆಕ್ಕಾಚಾರ ಅದು. ಖಾಲಿಯಿದ್ದಾಗಲೇ ಸಮ ಮಾಡಿಸಿಕೊಂಡವರ ಗಾಡಿ, ಮೂಟೆ ಹೇರಿದ ದಿನ ಮೂತಿ ಮೇಲೆತ್ತಿಕೊಂಡು ಓಡುತ್ತದೆ. ಆಗ ಹೆಡ್‌ಲೈಟ್ ಬೀಳುವುದು ರಸ್ತೆಗಲ್ಲ, ಎದುರಿನವನ ಕಣ್ಣಿಗೆ. ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವುಗಳನ್ನು ರಾತ್ರಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2010ರಲ್ಲಿ ಬಂದ ಮೊದಲ ತಲೆಮಾರಿನ ಥಾರ್‌ನಲ್ಲಿ ಈ ಕೆಲಸ ತೀರಾ ಅಗ್ಗ. ಮುಂದಿನ ಟಾರ್ಷನ್ ಬಾರ್‌ನ ಬೋಲ್ಟ್ ತಿರುವಿದರೆ ಸಾಕು, ಮೂತಿ ಏಳುತ್ತದೆ. ಆದರೆ ಸ್ಪ್ರಿಂಗ್‌ನ ಬಲ ಹೆಚ್ಚುವುದಿಲ್ಲ. ಗುಂಡಿ ಬಂದಾಗ ಚಕ್ರ ಕೆಳಗಿಳಿಯಲು ಇದ್ದ ಜಾಗ ಮಾತ್ರ ಕಡಿಮೆಯಾಗುತ್ತದೆ. ಆಕ್ಸಲ್ ಜಾಯಿಂಟ್‌ಗಳು ಓರೆಯಾಗಿ ತಿರುಗಿ ಬೇಗ ಸವೆಯುತ್ತವೆ, ಅಲೈನ್‌ಮೆಂಟ್ ಕೆಟ್ಟು ಟೈರು ಒಂದೇ ಅಂಚಿನಲ್ಲಿ ಉಜ್ಜುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಇಡೀ ಆಕ್ಸಲ್ ಇರುವ ಜೀಪುಗಳಲ್ಲಿ ಕಲ್ಲಿಗೆ ಮೊದಲು ತಾಗುವುದು ಡಿಫರೆನ್ಷಿಯಲ್‌ನ ಗುಂಡು. ಪ್ಲೇಟ್ ಸೇರಿಸಿ ಬಾಡಿಯನ್ನು ಎಷ್ಟೇ ಎತ್ತಿದರೂ ಅದು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ದೊಡ್ಡ ಟೈರು ಹಾಕಿದರೆ ಬ್ರೇಕಿಗೆ ಹೊರೆ ಹೆಚ್ಚು, ಸ್ಪೀಡೋಮೀಟರ್ ತೋರಿಸುವುದು ಕಡಿಮೆ.

ಕಾನೂನಿನ ಮಾತು ಇದಕ್ಕಿಂತ ಬಿಗಿ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎತ್ತಿಹಿಡಿದು, ತಯಾರಕರು ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2024ರ ಜುಲೈನಲ್ಲಿ ವಯನಾಡಿನ ಪನಮರಂನಲ್ಲಿ ನಡೆದ ಮಾರ್ಪಡಿಸಿದ ಜೀಪಿನ ಸವಾರಿಯ ಮೇಲೆ ಕೇರಳ ಹೈಕೋರ್ಟ್ ಕಣ್ಣಿಟ್ಟ ಬಳಿಕವಂತೂ ಇಂಥ ಗಾಡಿಗಳ ವಿಷಯ ಮತ್ತಷ್ಟು ಬಿಸಿಯಾಯಿತು. ಗಡಿ ದಾಟಿದರೆ ನಿಯಮ ಸಡಿಲ ಎಂದುಕೊಂಡವರಿದ್ದಾರೆ. ಇದು ಕೇಂದ್ರದ ಕಾಯ್ದೆ, ಕರ್ನಾಟಕದಲ್ಲೂ ಇದೇ.

ತೊಂದರೆ ಇರುವುದು ಇಲ್ಲಿ. ಪ್ರದರ್ಶನಕ್ಕೆ ಜೀಪು ಎತ್ತಿಸಿದವನೂ, ಹೊರೆ ತಾಳಲಾರದೆ ಒಂದು ಪ್ಲೇಟ್ ಹೆಚ್ಚಿಗೆ ಹಾಕಿಸಿದ ಕೃಷಿಕನೂ ಒಂದೇ ತಕ್ಕಡಿಯಲ್ಲಿ ಕೂರಬೇಕಾಗುತ್ತದೆ. ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಒಯ್ದಾಗ ಪರದಾಡುವವನು ಹೆಚ್ಚಾಗಿ ಈ ಎರಡನೆಯವನೇ. ರಸ್ತೆ ಕೆಟ್ಟಿರುವುದಕ್ಕೆ ಅವನು ಹೊಣೆಯಲ್ಲವಷ್ಟೆ!

ಹಾಗೆಂದು ಹಳೆಯ ಜೀಪು ಕುಸಿದೇ ಇರಬೇಕೆಂದಲ್ಲ. ಬಳಲಿದ ಪ್ಲೇಟ್, ಹರಿದ ಬುಷ್, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್ ತೆಗೆದು ಅದೇ ಮಾದರಿಯ ಹೊಸದನ್ನು ಹಾಕುವುದು ದುರಸ್ತಿ, ಮಾರ್ಪಾಡಲ್ಲ. ಗ್ಯಾರೇಜಿಗೆ ಹೋಗುವ ಮುನ್ನ ಖಾಲಿ ಗಾಡಿಯನ್ನು ಸಪಾಟು ನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನೋಡಬೇಕು. ಎಡಬಲದ ಅಳತೆಯಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಆ ಜೀಪಿಗೆ ಬೇಕಿರುವುದು ಲೆವೆಲಿಂಗ್ ಅಲ್ಲ, ಹೊಸ ಪ್ಲೇಟು.