ನೆಟ್ಟವರಾರು, ನೀರೆರೆದವರಾರು?



ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ಎಡೆದೊರೆ ನಾಡಿನಲ್ಲಿ ನೆರಳಿನ ಬೆಲೆಯನ್ನು ಯಾರಿಗೂ ಬೋಧಿಸಬೇಕಾಗಿಲ್ಲ. ವೈಶಾಖದ ಮಧ್ಯಾಹ್ನ ಅರಕೇರೆಯಿಂದ ದೇವದುರ್ಗದ ಹಾದಿ ಹಿಡಿದವನಿಗೆ ಒಂದು ಬೇವಿನ ಮರವೇ ಧರ್ಮಛತ್ರ. ಈಚೆಗೆ ನಮ್ಮ ಮನೆಯ ಕಟ್ಟೆಯ ಮೇಲೆ, ಕ್ರೈಸ್ತ ಸಭೆಗಳು ಕೈಗೊಂಡಿರುವ ವೃಕ್ಷರಕ್ಷಣೆಯ ವಿಚಾರ ಪ್ರಸ್ತಾಪಕ್ಕೆ ಬಂದಿತು. ಒಬ್ಬರು ಇದು ಮತಕ್ಕೆ ಸೆಳೆಯುವ ಉಪಾಯವೆಂದರು, ಇನ್ನೊಬ್ಬರು ಪುಣ್ಯಕಾರ್ಯವೆಂದರು. ಕೊಡ ಹೊತ್ತು ಬಂದ ನೆರೆಮನೆಯ ಅವ್ವ ನಿಂತು ಕೇಳಿ, "ಗಿಡ ಯಾರ್ ಹಚ್ಚಿದ್ರೇನ್ರೀ ಮಾಸ್ತರ, ಮೂರ್ ಬ್ಯಾಸಗಿ ನೀರ್ ಹಾಕೋರು ಯಾರು?" ಎಂದು ಒಳಗೆ ಹೋದಳು. ನಮ್ಮ ವಾದವೆಲ್ಲ ಅಲ್ಲಿಗೆ ನಿಂತಿತು.

ಕ್ರೈಸ್ತರಲ್ಲಿ ಈ ವಿಚಾರ ನಿನ್ನೆ ಮೊನ್ನೆಯದಲ್ಲ. 1989ರಲ್ಲಿ ಕಾನ್‌ಸ್ಟಾಂಟಿನೋಪಲಿನ ಆರ್ಥಡಾಕ್ಸ್ ಧರ್ಮಗುರು ಒಂದನೆಯ ದಿಮಿತ್ರಿಯೋಸರು ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. 2015ರಲ್ಲಿ ಪೋಪ್ ಫ್ರಾನ್ಸಿಸರು ‘ಲೌದಾತೊ ಸಿ’ ಎಂಬ ಧರ್ಮಪತ್ರದಲ್ಲಿ, ಭೂಮಿಯ ದುಃಸ್ಥಿತಿಯನ್ನೂ ಬಡವರ ದುಃಸ್ಥಿತಿಯನ್ನೂ ಬೇರೆ ಬೇರೆಯಾಗಿ ಎಣಿಸಬಾರದೆಂದು ವಿಸ್ತಾರವಾಗಿ ಪ್ರತಿಪಾದಿಸಿದರು. ನಮ್ಮ ಕರ್ನಾಟಕದಲ್ಲಿಯೇ ಜೆಸುಯಿಟ್ ಪಾದ್ರಿ ಸೆಸಿಲ್ ಸಲ್ಡಾನರು ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ಬೃಹದ್ಗ್ರಂಥವನ್ನು 1976ರಲ್ಲಿ ಹೊರತಂದರು. ಅದನ್ನು ತೆರೆಯುವ ವಿದ್ಯಾರ್ಥಿ ಗ್ರಂಥಕಾರರ ಮತವನ್ನು ವಿಚಾರಿಸುವುದಿಲ್ಲ.

ಆದರೂ ಉಪದೇಶವೊಂದರಿಂದಲೇ ಜನರ ಮನಸ್ಸು ತಿರುಗುವುದೆಂದು ತಿಳಿಯಬಾರದು. 2013ರಲ್ಲಿ ಪಶ್ಚಿಮಘಟ್ಟಗಳ ರಕ್ಷಣೆಯನ್ನು ಕುರಿತು ಕಸ್ತೂರಿರಂಗನ್ ಸಮಿತಿಯ ವರದಿ ಬಂದಾಗ, ಕೇರಳದ ಇಡುಕ್ಕಿಯ ಕ್ರೈಸ್ತ ರೈತರು ತಮ್ಮ ಜಮೀನು ಕೈತಪ್ಪೀತೆಂದು ಹೆದರಿದರು. ಅಲ್ಲಿಯ ಧರ್ಮಾಧಿಕಾರಿಗಳೂ ವಿರೋಧಿಸಿದವರ ಪಕ್ಷದಲ್ಲಿಯೇ ನಿಂತರು. ನಮ್ಮ ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಅನ್ಯಮತದವರು ಅದೇ ಭಯದಿಂದ ಅದೇ ವರದಿಯನ್ನು ಎದುರಿಸಿದರು. ಒಲೆ ಆರೀತೆಂಬ ಭಯಕ್ಕೆ ಮತವಿಲ್ಲ. ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವವರು ಒಂದು ಗಿಡವನ್ನೂ ಉಳಿಸಲಾರರು.

ಇದಕ್ಕೆ ಪ್ರತಿಯಾಗಿ ಇಥಿಯೋಪಿಯವನ್ನು ನೋಡಬಹುದು. ಆ ದೇಶದ ಉತ್ತರಭಾಗದಲ್ಲಿ ಭೂಮಿಯೆಲ್ಲ ಹೊಲ ಹುಲ್ಲುಗಾವಲುಗಳಾಗಿ, ದೇಶೀಯ ಕಾಡು ಬಹುಮಟ್ಟಿಗೆ ಚರ್ಚುಗಳ ಸುತ್ತಲೇ ಉಳಿದಿದೆ. ದನಕರುಗಳು ಎಳೆಯ ಸಸಿಗಳನ್ನು ಮೇಯದಂತೆ ಹಲವೆಡೆ ಊರವರೇ ಹೊಲದ ಕಲ್ಲುಗಳನ್ನು ಆಯ್ದು ಸುತ್ತುಗೋಡೆ ಕಟ್ಟಿದ್ದಾರೆ. ಹೊಲವೂ ಹಸನಾಯಿತು, ಕಾಡೂ ಉಳಿಯಿತು. ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಈ ಭಾವನೆ ಹೊಸದಲ್ಲ.

ನಮ್ಮ ಧರ್ಮಶಾಸ್ತ್ರದಲ್ಲಿ ಇಷ್ಟ, ಪೂರ್ತ ಎಂದು ಎರಡು ಬಗೆಯ ಕರ್ಮಗಳುಂಟು. ಯಜ್ಞಯಾಗಾದಿಗಳು ಇಷ್ಟ, ಬಾವಿ ಕೆರೆಗಳನ್ನು ತೋಡಿಸುವುದು, ತೋಪುಗಳನ್ನು ಬೆಳೆಸುವುದು ಪೂರ್ತ. ಇಷ್ಟಕ್ಕೆ ಅಧಿಕಾರಭೇದವನ್ನು ಹೇಳಿದ ಸ್ಮೃತಿಕಾರರು ಪೂರ್ತವನ್ನು ಶೂದ್ರರಿಗೂ ತೆರೆದಿಟ್ಟರು. ಅದಕ್ಕಿಂತಲೂ ಮುಖ್ಯವಾದುದು ‘ಉತ್ಸರ್ಗ’: ಕೆರೆ ಕಟ್ಟಿಸಿದವನು ತನ್ನ ಸ್ವಾಮ್ಯವನ್ನು ಬಿಟ್ಟು, ಅದನ್ನು ಸಕಲ ಪ್ರಾಣಿಗಳಿಗೂ ಅರ್ಪಿಸತಕ್ಕದ್ದು. ಬಿಟ್ಟುಕೊಡದ ಹೊರತು ದಾನ ಪೂರ್ಣವಾಗದು.

ಚರ್ಚಾಗಲಿ, ಮಠವಾಗಲಿ, ಮಸೀದಿಯಾಗಲಿ, ಗಿಡ ನೆಡುವ ಎಲ್ಲರಿಗೂ ಇದೊಂದೇ ಒರೆಗಲ್ಲು. ನೆರಳಿಗೆ ಬಂದವನನ್ನು ಏನೂ ಕೇಳದಿದ್ದರೆ ಸಂಶಯ ತಾನಾಗಿ ಕರಗುವುದು. ಕೇಳಿದರೆ ಸಂಶಯಪಟ್ಟವನನ್ನು ದೂಷಿಸಲಾಗದು. ನಮ್ಮ ಕರ್ತವ್ಯವೂ ಉಂಟು. ನೆಟ್ಟವರ ಮತವನ್ನು ನೋಡಿ ಸಸಿಗೆ ನೀರು ತಪ್ಪಿಸುವುದು ಧರ್ಮವಲ್ಲ. ನಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿನಲ್ಲಿ ಹಿಂದೂಗಳೂ ಸೇರುವರು. ಅದೇ ಊರಿನಲ್ಲಿ ಶತಮಾನಗಳಷ್ಟು ಹಳೆಯ ಕ್ರೈಸ್ತ ಸಭೆಯೂ ಇದೆ. ಹಬ್ಬವನ್ನು ಹಂಚಿಕೊಂಡ ನಾಡಿಗೆ ನೆರಳನ್ನು ಹಂಚಿಕೊಳ್ಳುವುದು ಭಾರವಾಗಲಾರದು.

ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಮುಂಗಾರಿನಲ್ಲಿ ಯಾರೇ ನೆಡಲಿ, ನಿಮ್ಮ ಬಾಗಿಲಿನ ಬಳಿಯ ಸಸಿಗೆ ಪಾತ್ರೆ ತೊಳೆದ ತಿಳಿನೀರನ್ನಾದರೂ ಎರೆಯಿರಿ. ಮಕ್ಕಳ ಕೈಯಿಂದ ಮುಳ್ಳುಬೇಲಿ ಕಟ್ಟಿಸಿರಿ. ಮೂರನೆಯ ಬೇಸಗೆ ಕಳೆದ ಮೇಲೆ ಅದು ಯಾರ ಮರವೆಂದು ಕೇಳುವವರು ಬಂದರೆ, ಮೊದಲು ಅದರ ಕೆಳಗೆ ಕೂರಿಸಿ, ಕುಡಿಯಲು ನೀರು ಕೊಡಿರಿ.