ಗುರುವಾರದ ಹಬ್ಬ ರವಿವಾರಕ್ಕೆ ಬಂದುದು

ಜನರ ಬಾಯಲ್ಲಿ ಭಾರತ ಹುಣ್ಣಿಮೆಯೆನಿಸಿದ ಮಾಘ ಶುದ್ಧ ಪೂರ್ಣಿಮೆಯ ಸಮಯಕ್ಕೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ನೆರೆಯುವಾಗ, ಕೃಷ್ಣಾತೀರದ ಊರುಗಳಿಂದಲೂ ಗಡಿಯಾಚೆಯ ಸಾಂಗಲಿ, ಕೊಲ್ಲಾಪುರ ಸೀಮೆಗಳಿಂದಲೂ ಬರುವ ಭಕ್ತರಲ್ಲಿ ಯಾರೂ ಆ ಹುಣ್ಣಿಮೆ ಯಾವ ವಾರ ಬಿದ್ದಿದೆಯೆಂದು ಚಿಂತಿಸುವುದಿಲ್ಲ. ಬುಧವಾರ ಬಂದರೆ ಬುಧವಾರವೇ ಜಾತ್ರೆ; ಸುತ್ತಣ ಹತ್ತೂರುಗಳ ಹೊಲಗೆಲಸವೂ ವ್ಯಾಪಾರವೂ ತಾವಾಗಿಯೇ ಅದಕ್ಕೆ ಹೊಂದಿಕೊಳ್ಳುತ್ತವೆ. ಕಾಗವಾಡ, ನಿಪ್ಪಾಣಿಗಳ ಜೈನ ಗೃಹಸ್ಥರು ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನು ಆಚರಿಸುವುದೂ ಹೀಗೆಯೇ. ಅಲ್ಲಿ ವ್ರತವು ಅವರವರ ಶಕ್ತ್ಯನುಸಾರ ಕೈಕೊಂಡದ್ದು. ಇದೇ ನೆಲದಲ್ಲಿ ಅಲ್ಪಸಂಖ್ಯೆಯಲ್ಲಿ ಬಾಳುತ್ತಿರುವ ಕಥೋಲಿಕ ಕ್ರೈಸ್ತರಿಗೂ ಚಂದ್ರನ ಗತಿಯನ್ನನುಸರಿಸಿ ಚಲಿಸುವ ಹಬ್ಬಗಳುಂಟು. ಆದರೆ ಅವುಗಳಲ್ಲಿ ಕೆಲವು ಕೇವಲ ಭಕ್ತಿಯ ವಿಷಯವಾಗಿರದೆ ಕಟ್ಟಳೆಯ ವಿಷಯವೂ ಆಗಿರುವುದರಿಂದ, ಬಲಿಪೂಜೆಗೆ (ಮಾಸ್) ಹೋಗಲೇಬೇಕಾದ ದಿನ ಯಾವುದು ಎಂಬ ಪ್ರಶ್ನೆ ಕೂಲಿಯ, ಪಾಳಿಯ, ರಜೆಯ ಪ್ರಶ್ನೆಯೂ ಆಗಿಬಿಡುತ್ತದೆ.

ಈ ಚಲನೆಯ ಮೂಲ ಈಸ್ಟರ್ ಹಬ್ಬ. ವಸಂತ ವಿಷುವದ ದಿನವೆಂದು ಧರ್ಮಸಭೆ ಗೊತ್ತುಪಡಿಸಿಕೊಂಡ ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ರವಿವಾರವೇ ಈಸ್ಟರ್; ಆದುದರಿಂದ ಅದು ಮಾರ್ಚ್ 22ಕ್ಕಿಂತ ಮೊದಲಾಗಲೀ ಏಪ್ರಿಲ್ 25ರ ನಂತರವಾಗಲೀ ಬರಲಾರದು. ಈ ಲೆಕ್ಕ ನಮ್ಮ ಪಂಚಾಂಗವನ್ನು ಬಲ್ಲವರಿಗೆ ಅಪರಿಚಿತವೇನೂ ಅಲ್ಲ: 2024ರಲ್ಲಿ ಹೋಳಿ ಹುಣ್ಣಿಮೆಯ ಬೆನ್ನಿಗೆ ಮಾರ್ಚ್ 31ರಂದು ಈಸ್ಟರ್ ಬಂದಿತು, 2025ರಲ್ಲಿ ದವನದ ಹುಣ್ಣಿಮೆ ಕಳೆದು ಏಪ್ರಿಲ್ 20ಕ್ಕೆ ಬಂದಿತು. ಈಸ್ಟರಿನಿಂದ ನಲವತ್ತನೆಯ ದಿನ ಪ್ರಭುವಿನ ಸ್ವರ್ಗಾರೋಹಣ, ಐವತ್ತನೆಯ ದಿನ ಪವಿತ್ರಾತ್ಮರ ಆಗಮನದ ಹಬ್ಬ, ಅದಕ್ಕೊಂದು ವಾರದ ಮೇಲೆ ಪವಿತ್ರ ತ್ರಿತ್ವದ ರವಿವಾರ, ಆಮೇಲಿನ ಗುರುವಾರ 1264ರಲ್ಲಿ ನಾಲ್ಕನೆಯ ಅರ್ಬನ್ ಪೋಪರು ಸಾರ್ವತ್ರಿಕಗೊಳಿಸಿದ ಕ್ರಿಸ್ತರ ಪವಿತ್ರ ಶರೀರದ ಹಬ್ಬ. ನಲವತ್ತನೆಯ ದಿನ ಎಂದೆಂದಿಗೂ ಗುರುವಾರವೇ ಆಗುವುದರಿಂದ, ಸ್ವರ್ಗಾರೋಹಣದ ಹಬ್ಬ ತಿಂಗಳಲ್ಲಿ ಅತ್ತಿತ್ತ ಸರಿದರೂ ವಾರದಲ್ಲಿ ಅಚಲವಾಗಿಯೇ ನಿಂತಿತ್ತು.

1983ರ ಧರ್ಮಸಭೆಯ ಕಾನೂನು ಸಂಹಿತೆಯ 1246ನೆಯ ವಿಧಿಯು ರವಿವಾರಗಳಲ್ಲದೆ ಇನ್ನೂ ಹತ್ತು ಹಬ್ಬಗಳನ್ನು ಕಡ್ಡಾಯದವೆಂದು ಹೆಸರಿಸಿ, ಅದೇ ಉಸಿರಿನಲ್ಲಿ, ಆಯಾ ದೇಶದ ಧರ್ಮಾಧ್ಯಕ್ಷರ ಮಂಡಲಿಯು ರೋಮಿನ ಅನುಮತಿ ಪಡೆದು ಅವುಗಳಲ್ಲಿ ಕೆಲವನ್ನು ಕಡ್ಡಾಯದಿಂದ ಬಿಡಿಸಬಹುದು ಅಥವಾ ರವಿವಾರಕ್ಕೆ ಸಾಗಿಸಬಹುದು ಎಂದೂ ಹೇಳುತ್ತದೆ. ಭಾರತದ ಲ್ಯಾಟಿನ್ ವಿಧಿಯ ಧರ್ಮಾಧ್ಯಕ್ಷರು ಈ ಅಧಿಕಾರವನ್ನು ಉಪಯೋಗಿಸಿ ಸ್ವರ್ಗಾರೋಹಣವನ್ನೂ ಪವಿತ್ರ ಶರೀರದ ಹಬ್ಬವನ್ನೂ ಗುರುವಾರದಿಂದ ರವಿವಾರಕ್ಕೆ ತಂದರು; ವಾರದ ನಡುವೆ ಬಂದರೂ ಕಡ್ಡಾಯವಾಗಿ ಉಳಿದವು ಡಿಸೆಂಬರ್ 25ರ ಕ್ರಿಸ್ಮಸ್ ಮತ್ತು ಆಗಸ್ಟ್ 15ರ, ಮಾತೆ ಮರಿಯಮ್ಮನವರು ಸ್ವರ್ಗಕ್ಕೆ ಸ್ವೀಕೃತರಾದ ಹಬ್ಬ. ಈ ಎರಡೂ ದಿನಗಳಲ್ಲಿ ಸರ್ಕಾರಿ ರಜೆಯಿರುವುದು ಗಮನಾರ್ಹ. ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ ಚಿಕ್ಕೋಡಿ, ಅಥಣಿಗಳ ಕಥೋಲಿಕನಿಗೆ ಆದ್ದರಿಂದ ಇಂದು ವಾರದ ಮಧ್ಯದ ಯಾವುದೇ ಚಲಿಸುವ ಹಬ್ಬದ ದಿನ ಕೆಲಸ ಬಿಟ್ಟು ಬಲಿಪೂಜೆಗೆ ಹೋಗಬೇಕೆಂಬ ಬಂಧನವಿಲ್ಲ.

ಈ ಸಡಿಲಿಕೆಯನ್ನು ಶ್ರದ್ಧೆಯ ಕ್ಷಯವೆಂದು ಬಗೆಯುವವರಿದ್ದಾರೆ. ಅವರ ವಾದದಲ್ಲಿ ಬಲವಿಲ್ಲದೆ ಇಲ್ಲ: ಪುನರುತ್ಥಾನದ ಮೇಲೆ ಪ್ರಭು ನಲವತ್ತು ದಿನ ಶಿಷ್ಯರಿಗೆ ಕಾಣಿಸಿಕೊಂಡರೆಂದು ಶಾಸ್ತ್ರ ಹೇಳುತ್ತಿರುವಾಗ ಆ ಹಬ್ಬವನ್ನು ನಲವತ್ತಮೂರನೆಯ ದಿನಕ್ಕೆ ತಳ್ಳುವುದು ಗಣಿತಕ್ಕೂ ಸಂಪ್ರದಾಯಕ್ಕೂ ಅಪಚಾರವಲ್ಲವೇ ಎಂದೂ, ಮಾಯಕ್ಕನ ಭಕ್ತನು ಹುಣ್ಣಿಮೆಗಾಗಿ ದುಡಿಮೆ ಬಿಡಬಲ್ಲನಾದರೆ ಕ್ರಿಸ್ತನ ಭಕ್ತನಿಗೆ ಒಂದು ಗುರುವಾರ ಭಾರವಾಯಿತೇ ಎಂದೂ ಅವರು ಕೇಳುತ್ತಾರೆ. ಮೊದಲ ಪ್ರಶ್ನೆಯನ್ನು ದೇವಶಾಸ್ತ್ರಜ್ಞರಿಗೆ ಬಿಡುತ್ತೇನೆ. ಎರಡನೆಯದಕ್ಕೆ ನನ್ನ ಉತ್ತರವಿದೆ. ಬಹುಜನರ ತಿಥಿ ತನ್ನೊಡನೆ ಇಡೀ ಸೀಮೆಯ ಸಂತೆಯನ್ನೂ ಬಸ್ಸನ್ನೂ ಶಾಲೆಯನ್ನೂ ಸೆಳೆದುಕೊಂಡು ಚಲಿಸುತ್ತದೆ. ಅಲ್ಪಜನರ ತಿಥಿ ಒಂಟಿಯಾಗಿ ಚಲಿಸುತ್ತದೆ. ಸ್ವರ್ಗಾರೋಹಣದ ಗುರುವಾರದಂದು ಕಾಗವಾಡದ ಅಂಗಡಿ ಮುಚ್ಚುವುದಿಲ್ಲ, ಉಗಾರದ ರೈಲು ನಿಲ್ಲುವುದಿಲ್ಲ. ನಿಪ್ಪಾಣಿಯಲ್ಲಿ ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಹೆಂಗಸು ಅಂದು ಕೈಕಟ್ಟಿ ಕುಳಿತರೆ ಆ ದಿನದ ಸಂಪಾದನೆ ಹೋದಂತೆಯೇ. ಇಷ್ಟಲ್ಲದೆ, ಜಾತ್ರೆಗೆ ಹೋಗದವನು ದೇವಿಯ ಮುಂದೆ ಅಪರಾಧಿಯಾಗುವುದಿಲ್ಲ. ಕಡ್ಡಾಯದ ಬಲಿಪೂಜೆಯನ್ನು ಸಕಾರಣವಿಲ್ಲದೆ ಬಿಟ್ಟ ಕಥೋಲಿಕನೋ ಧರ್ಮಸಭೆಯ ಬೋಧನೆಯಂತೆ ಗಂಭೀರ ಪಾಪಕ್ಕೆ ಹೊಣೆ. ಸುತ್ತಣ ಸಮಾಜ ಯಾವ ನೆರವನ್ನೂ ನೀಡದ ದಿನದಲ್ಲಿ ಬಡವನ ಮನಸ್ಸಾಕ್ಷಿಯ ಮೇಲೆ ಇಂಥ ಹೊರೆಯನ್ನು ಹೊರಿಸುವುದು ಭಕ್ತಿಯ ರಕ್ಷಣೆಯೆಂದು ನನಗೆ ತೋರುವುದಿಲ್ಲ.

ಧರ್ಮಸಭೆಯ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ. ಒಂದು ಕಾಲದಲ್ಲಿ ಯೂರೋಪಿನ ಪ್ರಾಂತಗಳಲ್ಲಿ ಕಡ್ಡಾಯದ ಹಬ್ಬಗಳು ಎಷ್ಟು ಬೆಳೆದಿದ್ದವೆಂದರೆ ದುಡಿಯುವ ದಿನಗಳ ಕೊರತೆಯನ್ನು ಕುರಿತು ಬಡವರೇ ಗೋಳಿಡುತ್ತಿದ್ದರು. 1642ರಲ್ಲಿ ಎಂಟನೆಯ ಅರ್ಬನ್ ಪೋಪರು ಅವನ್ನು ಮೂವತ್ತಕ್ಕೆ ಕೆಲವೇ ಹೆಚ್ಚೆಂಬ ಮಿತಿಗೆ ತಂದರು. 1911ರಲ್ಲಿ ಹತ್ತನೆಯ ಪಯಸ್ ಪೋಪರು ಎಂಟಕ್ಕಿಳಿಸಿದರು. 1917ರ ಸಂಹಿತೆಯಲ್ಲಿ ಎಂಟು ಹತ್ತಾಯಿತು. ಹಬ್ಬದ ಮಹಿಮೆ ಕುಗ್ಗದೆ ಕಟ್ಟಳೆಯ ಸಂಖ್ಯೆ ಮಾತ್ರ ಏರಿಳಿಯುತ್ತ ಬಂದಿದೆ.

ಇಲ್ಲೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಶುಭ ಶುಕ್ರವಾರ ಕರ್ನಾಟಕದಲ್ಲಿ ಸಾರ್ವತ್ರಿಕ ರಜೆ. ಅಂದು ಕ್ರೈಸ್ತರೆಲ್ಲರೂ ದೇವಾಲಯದಲ್ಲಿರಬೇಕೆಂದು ಅನ್ಯಧರ್ಮೀಯ ನೆರೆಯವರು ಸಹಜವಾಗಿಯೇ ತಿಳಿಯುತ್ತಾರೆ. ವಾಸ್ತವವಾಗಿ ಅಂದು ಕಥೋಲಿಕರಲ್ಲಿ ಬಲಿಪೂಜೆಯೇ ಇಲ್ಲ. ಯಾತನೆಯ ವಾಚನ, ಶಿಲುಬೆಯ ಆರಾಧನೆ, ಪರಮಪ್ರಸಾದ ವಿತರಣೆಗಳು ನಡೆಯುತ್ತವಾದರೂ ಅವಕ್ಕೆ ಹಾಜರಾಗುವುದು ಕಟ್ಟಳೆಯಲ್ಲ. ಆದರೂ ಆ ದಿನ ಇಗರ್ಜಿಗಳು ಕಿಕ್ಕಿರಿದಿರುತ್ತವೆ. ಕಟ್ಟಳೆಯನ್ನು ಬಿಗಿಮಾಡಿದರೆ ಮಾತ್ರ ಜನ ಬಂದಾರೆಂಬವರು ಇದನ್ನು ಆಲೋಚಿಸಬೇಕು.

ದಿನ ಸಾಗಿದಾಗ ಕಟ್ಟಳೆಯೂ ಜೊತೆಯಲ್ಲಿ ಸಾಗುವುದೇ ಎಂಬ ವಿಷಯದಲ್ಲಿ ರೋಮಿನ ಕಚೇರಿಗಳೇ ಒಮ್ಮತವಿಲ್ಲದೆ ನುಡಿದುದುಂಟು. 2024ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನಕಾಲದ ರವಿವಾರದಂದೇ ಬಿದ್ದುದರಿಂದ ಹಬ್ಬವನ್ನು ಮರುದಿನ ಸೋಮವಾರಕ್ಕೆ ಸಾಗಿಸಬೇಕಾಯಿತು. ನಮ್ಮಲ್ಲಲ್ಲದಿದ್ದರೂ ಅದು ಕಡ್ಡಾಯವಾಗಿರುವ ದೇಶಗಳಲ್ಲಿ ಕಟ್ಟಳೆಯೂ ಸೋಮವಾರಕ್ಕೆ ಹೋಗುತ್ತದೆಂದು ಕಾನೂನು ಗ್ರಂಥಗಳ ವಿಭಾಗ ಅದೇ ವರ್ಷ ಅಭಿಪ್ರಾಯಪಟ್ಟರೆ, ಹೀಗೆ ಅಕಸ್ಮಾತ್ತಾಗಿ ಸಾಗಿದ ಹಬ್ಬದೊಡನೆ ಕಟ್ಟಳೆ ಸಾಗುವುದಿಲ್ಲವೆಂದು ದೈವಾರಾಧನೆಯ ವಿಭಾಗ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಎರಡನೆಯದೇ ವಿವೇಕದ ಮಾತೆಂದು ನನ್ನ ಎಣಿಕೆ. ಧರ್ಮಾಧ್ಯಕ್ಷರು ವಿಚಾರಿಸಿ ಶಾಶ್ವತವಾಗಿ ರವಿವಾರಕ್ಕೆ ತಂದ ಹಬ್ಬ ಬೇರೆ, ಪಂಚಾಂಗದ ಇಕ್ಕಟ್ಟಿನಿಂದ ಒಂದು ವರ್ಷದ ಮಟ್ಟಿಗೆ ಪಕ್ಕಕ್ಕೆ ಸರಿದ ಹಬ್ಬ ಬೇರೆ.

ನಮ್ಮ ಸೀಮೆಗೇ ತೊಡಕಾಗುವ ದಿನವೂ ಒಂದಿದೆ. 2026ರ ಆಗಸ್ಟ್ 15 ಶನಿವಾರ; ಮರುದಿನ ರವಿವಾರ. 1248ನೆಯ ವಿಧಿಯಂತೆ ಕಟ್ಟಳೆಯನ್ನು ಹಬ್ಬದ ದಿನವೇ ಆಗಲಿ ಹಿಂದಿನ ದಿನದ ಸಂಜೆಯಾಗಲಿ ಪೂರೈಸಬಹುದು. ಆದರೆ ಶನಿವಾರ ಸಂಜೆಯ ಒಂದೇ ಬಲಿಪೂಜೆಯಿಂದ ಮಾತೆಯ ಹಬ್ಬವೂ ರವಿವಾರವೂ ಎರಡೂ ಸಂದವೆಂದು ಹೇಳಲು ಬಾರದು; ಕಟ್ಟಳೆಗಳು ಎರಡಾದುದರಿಂದ ಬಲಿಪೂಜೆಗಳೂ ಎರಡಾಗಬೇಕೆಂಬುದೇ ಧರ್ಮಸಭೆಯ ಕಾನೂನನ್ನು ಬಲ್ಲವರಲ್ಲಿ ರೂಢವಾದ ಅಭಿಪ್ರಾಯ. 2027ರಲ್ಲಾದರೋ ಆಗಸ್ಟ್ 15 ರವಿವಾರವೇ ಆಗಿರುವುದರಿಂದ ಒಂದೇ ಸಾಕು. ಆಗಸ್ಟ್ ಎಂದರೆ ಇಲ್ಲಿ ನೆರೆಯ ತಿಂಗಳು ಕೂಡ: ಕೃಷ್ಣಾ, ದೂಧಗಂಗಾ, ವೇದಗಂಗೆಗಳು ತುಂಬಿದಾಗ ಕಲ್ಲೋಳ–ಯಡೂರು, ಕಾರದಗಾ–ಭೋಜ, ಜತ್ರಾಟ–ಭಿವಶಿಯಂಥ ತಗ್ಗು ಸೇತುವೆಗಳು ಮುಳುಗಿ ದಾರಿ ಕಡಿಯುವುದು ಪರಿಪಾಠ. ಹಾಗೆ ದಾರಿ ಕಡಿದವನು, ಕಾಯಿಲೆಯವರನ್ನು ನೋಡಿಕೊಳ್ಳುವವನು, ಎಳೆಗೂಸಿನ ತಾಯಿ ಇವರ ಮೇಲೆ ಕಟ್ಟಳೆಯ ದೋಷ ಬರುವುದಿಲ್ಲ. ಮನೆಯಲ್ಲಿಯೇ ಒಂಟಿಯಾಗಿಯೋ ಕುಟುಂಬವಾಗಿಯೋ ಪ್ರಾರ್ಥಿಸಲೆಂದು ಅದೇ ವಿಧಿ ಸಲಹೆ ಮಾಡುತ್ತದೆ. ನ್ಯಾಯವಾದ ಕಾರಣವಿದ್ದರೆ 1245ನೆಯ ವಿಧಿಯಂತೆ ಧರ್ಮಕೇಂದ್ರದ ಗುರುಗಳೇ ಅಂಥವರನ್ನು ಕಟ್ಟಳೆಯಿಂದ ಬಿಡಿಸಬಲ್ಲರು. ಈ ಅನುಕೂಲವನ್ನು ತಿಳಿಯದೆ ಪಾಪಭೀತಿಯಲ್ಲಿ ತುಂಬಿದ ಹೊಳೆಗೆ ಕಾಲಿಡುವುದು ಯಾರಿಂದಲೂ ಅಪೇಕ್ಷಿತವಲ್ಲ.

ಹೀಗಿರಲು ನನ್ನ ವಿಜ್ಞಾಪನೆ ಇಬ್ಬರಿಗೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲಿರುಳೂ ನಿಲ್ಲದ ಸಕ್ಕರೆ ಕಾರ್ಖಾನೆಗಳವರು ಕ್ರಿಸ್ಮಸ್ ದಿನದಂದು ಮತ್ತು ಸಾಧ್ಯವಾದಷ್ಟು ರವಿವಾರಗಳಂದು ಕ್ರೈಸ್ತ ಕಾರ್ಮಿಕನಿಗೆ ಪಾಳಿ ಬದಲಿಸಿಕೊಳ್ಳಲು ಬಿಡಬೇಕು. ಜಾತ್ರೆಗೂ ರಂಜಾನಿಗೂ ಕೆಲಸಗಾರರು ತಮ್ಮೊಳಗೇ ಪಾಳಿ ಹೊಂದಿಸಿಕೊಳ್ಳುವ ಈ ಸೀಮೆಯಲ್ಲಿ ಅದೇನೂ ಅಸಾಧ್ಯದ ಮಾತಲ್ಲ. ಧರ್ಮಕೇಂದ್ರಗಳ ಗುರುಗಳೂ ಉಪದೇಶಿಗಳೂ ಕಡ್ಡಾಯದ ದಿನಗಳನ್ನೂ ಸಂಜೆಯ ಬಲಿಪೂಜೆಯ ವೇಳೆಯನ್ನೂ ವಿನಾಯಿತಿಯ ನಿಯಮಗಳನ್ನೂ ವರ್ಷಾರಂಭದಲ್ಲಿಯೇ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು ಇಗರ್ಜಿಯ ಬಾಗಿಲಿಗೆ ಅಂಟಿಸಬೇಕು, ಬಲಿಪೂಜೆಯ ಕೊನೆಯಲ್ಲಿ ಓದಿಸಬೇಕು.