ಹೃದಯದ ನಡುಗೋಡೆ

ಹೃದಯವೆಂಬ ಶಬ್ದದ ಮೂರು ಅಕ್ಷರಗಳನ್ನು ಬೃಹದಾರಣ್ಯಕೋಪನಿಷತ್ತು ಬಿಡಿಸಿ, ತರುವುದು, ಕೊಡುವುದು, ಹೋಗುವುದು ಎಂಬ ಅರ್ಥಗಳನ್ನು ಕಾಣಿಸಿರುವುದನ್ನು ವಾಚಕರಲ್ಲಿ ಕೆಲವರು ಬಲ್ಲರು. ಅಲ್ಲಿ ರಕ್ತಸಂಚಾರವೇ ಹೇಳಲ್ಪಟ್ಟಿದೆಯೆಂದು ವಾದಿಸುವುದು ನಮಗೆ ಸಮ್ಮತವಲ್ಲ. ಆ ಪ್ರಕರಣವು ಬ್ರಹ್ಮವಿಚಾರದ್ದು. ಆದರೂ ರಕ್ತವನ್ನು ಬರಮಾಡಿಕೊಂಡು ಮುಂದಕ್ಕೆ ಕಳುಹಿಸುವುದೇ ಈ ಅವಯವದ ಕೆಲಸವೆಂಬುದು ದಿಟ. ಮೀನು, ಹಕ್ಕಿ, ಹಸು ಇವುಗಳ ಹೃದಯಗಳು ಆ ಕೆಲಸವನ್ನು ಒಂದೇ ಬಗೆಯಾಗಿ ಮಾಡುವುವೆ? ಈ ತಿಂಗಳು ಅದನ್ನು ವಿಚಾರಿಸೋಣ.

ಸಾಮಾನ್ಯವಾಗಿ ಮೀನಿನ ಹೃದಯದಲ್ಲಿ ಮುಖ್ಯವಾದ ಕೋಣೆಗಳು ಎರಡೇ: ರಕ್ತವನ್ನು ಬರಮಾಡಿಕೊಳ್ಳುವ ಹೃತ್ಕರ್ಣವೊಂದು, ಅದನ್ನು ಒತ್ತಿ ನೂಕುವ ಹೃತ್ಕುಕ್ಷಿಯೊಂದು. ಮೈಯೆಲ್ಲ ಸುತ್ತಿ ಪ್ರಾಣವಾಯುವನ್ನು ವ್ಯಯಮಾಡಿ ಬಂದ ರಕ್ತವನ್ನು ಹೃದಯವು ಕಿವಿರುಗಳಿಗೆ ಕಳುಹಿಸುವುದು. ಅಲ್ಲಿ ಶುದ್ಧವಾದ ರಕ್ತವು ಹೃದಯಕ್ಕೆ ಹಿಂದಿರುಗದೆ ನೇರವಾಗಿ ದೇಹಕ್ಕೆ ಹರಿಯುವುದು. ಕಿವಿರಿನ ಸೂಕ್ಷ್ಮನಾಳಗಳನ್ನು ಹಾಯ್ದುಬರುವಷ್ಟರಲ್ಲಿ ರಕ್ತದ ವೇಗವೂ ಒತ್ತಡವೂ ತಗ್ಗಿರುವುವು. ನೀರಿನ ತಂಪಿಗೆ ಸಮನಾಗಿ ಮೈಯನ್ನಿಟ್ಟುಕೊಂಡು ಬಾಳುವ ಬಹುತರ ಮೀನುಗಳಿಗೆ ಇಷ್ಟು ಸಾಕು.

ಹಕ್ಕಿಗೂ ಸಸ್ತನಿಗೂ ಇದು ಸಾಲದು. ಹೊರಗೆ ಚಳಿಯಿದ್ದರೂ ಇವು ಮೈಯನ್ನು ಬೆಚ್ಚಗೆ ಇಟ್ಟುಕೊಳ್ಳಬೇಕು. ಅದಕ್ಕೆ ಹೇರಳವಾಗಿ ಪ್ರಾಣವಾಯು ಬೇಕು. ಆದಕಾರಣ ಇವುಗಳ ಹೃದಯದಲ್ಲಿ ನಾಲ್ಕು ಕೋಣೆಗಳಿರುವುವು. ಒಂದೇ ಸೂರಿನ ಕೆಳಗೆ ನಡುಗೋಡೆಯಿಟ್ಟು ಎರಡು ಸಂಸಾರಗಳನ್ನು ನಡೆಸಿದಂತೆ, ಬಲಭಾಗವು ಅಶುದ್ಧರಕ್ತವನ್ನು ಶ್ವಾಸಕೋಶಕ್ಕೂ, ಎಡಭಾಗವು ಅಲ್ಲಿಂದ ಬಂದ ಶುದ್ಧರಕ್ತವನ್ನು ದೇಹಕ್ಕೂ ಕಳುಹಿಸುವುವು. ಹೀಗೆ ಎರಡು ರಕ್ತಗಳು ಬೆರೆಯುವುದಿಲ್ಲ. ಮೃದುವಾದ ಶ್ವಾಸಕೋಶಕ್ಕೆ ಕಡಮೆ ಒತ್ತಡ, ದೂರದ ಅಂಗಗಳಿಗೆ ಹೆಚ್ಚು ಒತ್ತಡ ದೊರೆಯುವುದು.

ಇಷ್ಟು ಸಾಮ್ಯವಿದ್ದರೂ ಈ ಎರಡು ಕುಲಗಳು ನಾಲ್ಕು ಕೋಣೆಗಳನ್ನು ಬೇರೆಬೇರೆಯಾಗಿಯೇ ಪಡೆದುವೆಂಬುದು ಶಾಸ್ತ್ರಜ್ಞರ ಮತ. ದೇಹಕ್ಕೆ ರಕ್ತವನ್ನೊಯ್ಯುವ ಮಹಾಧಮನಿಯು ಹಕ್ಕಿಯಲ್ಲಿ ಬಲಕ್ಕೂ ನಮ್ಮಲ್ಲಿ ಎಡಕ್ಕೂ ಬಾಗಿರುವುದು. ಬಲಭಾಗದ ಕೋಣೆಗಳ ನಡುವಣ ಕವಾಟವು ನಮ್ಮಲ್ಲಿ ತೆಳುವಾದ ಮೂರು ಎಸಳುಗಳದು. ಹಕ್ಕಿಯಲ್ಲಿ ಅದು ಮಾಂಸಲವಾದ ಒಂದು ಪದರ. ಗಾತ್ರಕ್ಕೆ ಹೋಲಿಸಿದರೆ ಹಕ್ಕಿಯ ಹೃದಯವು ಸಾಮಾನ್ಯವಾಗಿ ದೊಡ್ಡದು. ನಮ್ಮ ಹೃದಯವು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 72 ಸಲ ಮಿಡಿದರೆ, ಅಮೆರಿಕದ ಝೇಂಕಾರದ ಹಕ್ಕಿಯದು 1000ಕ್ಕೂ ಮಿಕ್ಕು ಮಿಡಿಯಬಲ್ಲುದು.

ಈ ವಿಚಾರವು ಗೃಹಸ್ಥರಿಗೇಕೆ ಎಂದು ಕೇಳುವವರಿಗೆ ನಮ್ಮ ಉತ್ತರವಿದು. ಗರ್ಭದಲ್ಲಿ ಮಾನವಶಿಶುವಿನ ಹೃದಯವೂ ಮೊದಲು ಒಂದೇ ಕೊಳವೆಯಾಗಿದ್ದು, ಹೃತ್ಕುಕ್ಷಿಗಳ ನಡುಗೋಡೆಯು ಸುಮಾರು ಎಂಟನೆಯ ವಾರದ ಹೊತ್ತಿಗೆ ಪೂರ್ಣವಾಗುವುದು. ಎಲ್ಲಿಯಾದರೂ ಅದು ಕೂಡದೆ ಉಳಿದರೆ ರಂಧ್ರವಾಗುವುದು. ಸಣ್ಣ ರಂಧ್ರಗಳು ಎಷ್ಟೋ ವೇಳೆ ತಾವೇ ಮುಚ್ಚಿಕೊಳ್ಳುವುವು. ದೊಡ್ಡದಾದರೆ ಮಗುವು ಹಾಲು ಕುಡಿಯುವಾಗಲೇ ಏದುಸಿರು ಬಿಟ್ಟು ಬೆವರುವುದು, ತೂಕ ಏರದು. ಶ್ವಾಸಕೋಶದ ದಾರಿಯೂ ಕಿರಿದಾಗಿದ್ದರೆ ತುಟಿ, ಉಗುರುಗಳು ನೀಲಿಗಟ್ಟುವುವು. ಅಂಥ ನೀಲಿಶಿಶುವೊಂದಕ್ಕೆ 1944ರ ನವೆಂಬರ್ 29ರಂದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಬ್ಲೇಲಾಕರು ಶಸ್ತ್ರಚಿಕಿತ್ಸೆ ಮಾಡಿದರು. ಅದರ ಆಲೋಚನೆ ಹೆಲೆನ್ ಟಾಸಿಗ್ ಎಂಬ ವೈದ್ಯೆಯದು; ಪ್ರಯೋಗಶಾಲೆಯಲ್ಲಿ ಕೈಚಳಕವನ್ನು ಸಿದ್ಧಪಡಿಸಿದವರು ವಿವಿಯನ್ ಥಾಮಸ್. ಇಂದು ರಂಧ್ರವನ್ನೇ ಮುಚ್ಚುವ ಚಿಕಿತ್ಸೆಯು ನಮ್ಮ ನಾಡಿನಲ್ಲಿಯೂ ನಡೆಯುತ್ತಿರುವುದು.

ಆದುದರಿಂದ ಇಂಥ ಲಕ್ಷಣಗಳು ಕಂಡಾಗ ದೃಷ್ಟಿ ತೆಗೆದು ತಾಯತ ಕಟ್ಟಿ ದಿನ ಕಳೆಯದೆ, ಮಗುವನ್ನು ಒಡನೆಯೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಬಸುರಿನಲ್ಲಿ ಗ್ರಹಣ ನೋಡಿದಳೆಂದು ಸೊಸೆಯನ್ನು ದೂರುವುದು ಸರ್ವಥಾ ಸಲ್ಲದು. ಗೋಡೆ ಕೂಡದೆ ಉಳಿಯುವುದಕ್ಕೂ ಗ್ರಹಣಕ್ಕೂ ಯಾವ ಸಂಬಂಧವೂ ಇಲ್ಲ. ಮನೆಯ ಹಿರಿಯರು ಇಷ್ಟನ್ನು ತಿಳಿದು ನಡೆದರೆ ತಾಯಿಗೆ ಧೈರ್ಯ, ಮಗುವಿಗೆ ಆಯುಸ್ಸು.